ಜೇನು ಎದ್ದ ದಿನದ ಹಳದಿ ಕಾರ್ಡು

ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಮನೆಯವರೂ ಹೇಳುತ್ತಾರೆ, ಕ್ಲಬ್ಬಿನವರೂ ಹೇಳುತ್ತಾರೆ. ಹೇಳಲಿ. ಆದರೆ ಇಲ್ಲಿ ನಾನು ಬೈಯಬೇಕಾದವನು ಒಬ್ಬನೇ. ಅವನು ದಿನಾ ಬೆಳಗ್ಗೆ ನನ್ನ ಮನೆಯ ಕನ್ನಡಿಯಲ್ಲಿ ನಿಂತು ಗಡ್ಡ ಹೆರೆದುಕೊಳ್ಳುತ್ತಾನೆ, ಮತ್ತು ಈಚೆಗೆ ನನ್ನ ಕಣ್ಣು ತಪ್ಪಿಸುತ್ತಾನೆ.

ನಾನು ಸೋಪ್ ಕಾರ್ಖಾನೆಯ ಫುಟ್‌ಬಾಲ್ ಕ್ಲಬ್ಬಿಗೆ ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ನೀರು ಸರಬರಾಜು ಇಲಾಖೆಯ ಕ್ಲಬ್ಬಿಗೆ ಕಾರ್ಯದರ್ಶಿ. ಎರಡೂ ರಾಜ್ಯ ಲೀಗಿನ ಮೊದಲ ಡಿವಿಷನ್ನಿನ ಕ್ಲಬ್ಬುಗಳು. ಲೀಗಿನ ಮಂದಿ ನಮ್ಮನ್ನು ಸೋಪಿನವರು ಎನ್ನುತ್ತಾರೆ, ಅವರನ್ನು ನಲ್ಲಿಯವರು. ಆಗಲೇ ನಾನು ಸೋಪ್ ಕಾರ್ಖಾನೆಯ ನೌಕರ, ಭಾವ ನೀರಿನ ಇಲಾಖೆಯವರು; ಅಕ್ಕನ ಮದುವೆಯಲ್ಲಿ ಯಾರೋ, ಸೋಪೂ ನೀರೂ ಸೇರಿತು, ಇನ್ನು ನೊರೆಗೇನು ಕೊರತೆ ಎಂದು ನಗಾಡಿದ್ದರು. ಆ ಹಳೆಯ ಜೋಕನ್ನು ಮೂವತ್ತು ವರ್ಷದಿಂದ ಪ್ರತಿ ಸೀಸನ್ನಿನಲ್ಲೂ ಯಾರಾದರೊಬ್ಬ ಹೊಸದೆಂಬಂತೆ ಹೇಳುತ್ತಾನೆ. ನಾನು ಸಿಡುಕುತ್ತೇನೆ, ಭಾವ ಮೊದಲ ಸಲ ಕೇಳಿದವರಂತೆ ನಗುತ್ತಾರೆ. ನಮ್ಮಿಬ್ಬರ ವ್ಯತ್ಯಾಸ ಇಷ್ಟರಲ್ಲೇ ತಿಳಿಯುತ್ತದೆ.

ಕಾರ್ಯದರ್ಶಿ ಎಂದರೆ ಚೆಂಡು ಮುಟ್ಟದವನು. ಆಟಗಾರರ ನೋಂದಣಿ, ಮೈದಾನದ ಅನುಮತಿ, ಯಾರಿಗೆ ಎಷ್ಟು ಹಳದಿ ಕಾರ್ಡು ಬಿದ್ದಿದೆ ಎಂಬ ನೆನಪು, ಇವೇ ನಮ್ಮ ಆಟ. ಒಬ್ಬನಿಗೆ ಮೂರು ಹಳದಿ ಕಾರ್ಡಾದರೆ ಅವನು ಮುಂದಿನ ಒಂದು ಪಂದ್ಯ ಹೊರಗೆ ಕೂರಬೇಕು. ಅದನ್ನು ನೋಡಿಕೊಳ್ಳುವುದು ಅವರವರ ಕ್ಲಬ್ಬಿನ ಜವಾಬ್ದಾರಿ. ಲೀಗ್ ಆಫೀಸು ತಾನಾಗಿ ಏನನ್ನೂ ಹುಡುಕುವುದಿಲ್ಲ. ಎದುರು ಕ್ಲಬ್ಬು ಇಪ್ಪತ್ತನಾಲ್ಕು ಗಂಟೆಯೊಳಗೆ ದೂರು ಕೊಟ್ಟರೆ ಮಾತ್ರ ಕಣ್ಣು ಬಿಡುತ್ತದೆ. ತಪ್ಪು ನಿಜವಾದರೆ ಆಟ ಏನೇ ಆಗಿರಲಿ, ಗೆಲುವಿನ ಮೂರು ಅಂಕ ದೂರು ಕೊಟ್ಟವರಿಗೆ.

ನಮ್ಮ ಕಾರ್ಯದರ್ಶಿಗಳಲ್ಲಿ ಒಂದು ಪದ್ಧತಿ ಇದೆ. ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಪಂದ್ಯಕ್ಕೆ ಮುಂಚೆ ರೆಫರಿ ಕೋಣೆಯಲ್ಲಿ ಇಬ್ಬರೂ ಕೂತು ಆಟಗಾರರ ಪಟ್ಟಿಯನ್ನು ಅದಲುಬದಲು ಮಾಡಿಕೊಂಡು ಸಹಿ ಹಾಕುತ್ತೇವೆ. ಎದುರಿನವನ ಪಟ್ಟಿಯಲ್ಲಿ ತಪ್ಪು ಕಂಡರೆ ಬಾಯಿಬಿಟ್ಟು ಹೇಳುವುದಿಲ್ಲ, ರೆಫರಿಯ ಮುಂದೆ ಅವನಿಗೆ ಅವಮಾನ. ಆ ಹೆಸರಿನ ಮೇಲೆ ಸುಮ್ಮನೆ ಪೆನ್ನು ಇಡುತ್ತೇವೆ. ಅವನು ನೋಡುತ್ತಾನೆ, ಹೆಸರು ಹೊಡೆದು ಇನ್ನೊಂದು ಬರೆಯುತ್ತಾನೆ, ಪೆನ್ನನ್ನು ವಾಪಸ್ಸು ಕೊಡುತ್ತಾನೆ. ಮುಗಿಯಿತು. ಗೆಲ್ಲುವುದಿದ್ದರೆ ಮೈದಾನದಲ್ಲಿ ಗೆಲ್ಲು, ಕಾಗದದಲ್ಲಿ ಗೆಲ್ಲಬೇಡ ಎಂಬುದು ಅದರ ಅರ್ಥ. ನನಗೆ ಇದನ್ನು ಕಲಿಸಿದವರೇ ಭಾವ. ನಾನು ಕಾರ್ಯದರ್ಶಿಯಾದ ಮೊದಲ ತಿಂಗಳಲ್ಲೇ ನನ್ನ ಪಟ್ಟಿಯ ಮೇಲೆ ಪೆನ್ನು ಇಟ್ಟು ನನ್ನ ಮಾನ ಉಳಿಸಿದ್ದರು.

ಈ ಸೀಸನ್ನಿನ ಕೊನೆಗೆ ಹತ್ತು ಕ್ಲಬ್ಬುಗಳಲ್ಲಿ ನಾವು ಹತ್ತನೆಯವರು, ಅವರು ಒಂಬತ್ತನೆಯವರು. ನಮಗಿಂತ ಅವರಿಗೆ ಎರಡು ಅಂಕ ಜಾಸ್ತಿ. ಕೊನೆಯವರು ಕೆಳಗಿನ ಡಿವಿಷನ್ನಿಗೆ ಬೀಳಬೇಕು. ಕೊನೆಯ ಪಂದ್ಯ ನಮ್ಮಿಬ್ಬರಿಗೇ. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ನಮ್ಮ ಜನರಲ್ ಮ್ಯಾನೇಜರ್ ಕರೆಸಿ, ಬಿದ್ದರೆ ಕ್ಲಬ್ಬು ಮುಚ್ಚಿ ಮೈದಾನದಲ್ಲಿ ಗೋದಾಮು ಕಟ್ಟಿಸುತ್ತೇನೆ ಎಂದಿದ್ದರು. ಇಪ್ಪತ್ತೆರಡು ವರ್ಷ ನಾನೇ ನಿಂತು ಸುಣ್ಣದ ಗೆರೆ ಹಾಕಿಸಿದ ಮೈದಾನ ಅದು. ಅಲ್ಲಿ ಕಾಸ್ಟಿಕ್ ಸೋಡಾದ ಪೀಪಾಯಿಗಳು! ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದೆ. ಅವಳು ಪಾಪ, ಏನು ಮಾಡಿದ್ದಳು.

ಕೊನೆಯ ಪಂದ್ಯಕ್ಕೆ ಒಂದು ವಾರ ಮುಂಚೆ ನಲ್ಲಿಯವರಿಗೂ ಬ್ಯಾಂಕಿನವರಿಗೂ ಆಟ ಇತ್ತು. ನಲ್ಲಿಯವರ ಫಾರ್ವರ್ಡ್‌ಗೆ ಎಲ್ಲರೂ ಕೊಕ್ಕರೆ ಎನ್ನುತ್ತಾರೆ, ಉದ್ದನೆಯ ಕಾಲಿನವನು. ಅವನು ರೆಫರಿಯ ಜೊತೆ ವಾದಕ್ಕಿಳಿದು ಹಳದಿ ಕಾರ್ಡು ತಗೊಂಡ. ಸೀಸನ್ನಿನಲ್ಲಿ ಮೂರನೆಯದು. ಅದಾಗಿ ಹತ್ತು ನಿಮಿಷಕ್ಕೆ ಯಾವನೋ ಆಕಾಶಕ್ಕೆ ಹೊಡೆದ ಚೆಂಡು ನೀರಿನ ಟ್ಯಾಂಕಿಗೆ ಬಡಿಯಿತು. ಟ್ಯಾಂಕಿನ ಕೆಳಗೆ ಜೇನುಗೂಡು. ಹನ್ನೊಂದೂ ಹನ್ನೊಂದೂ ಇಪ್ಪತ್ತೆರಡು ಜನ, ರೆಫರಿ, ನೋಡಲು ಬಂದವರು, ಎಲ್ಲರೂ ದಿಕ್ಕಾಪಾಲು. ಬ್ಯಾಂಕಿನ ಗೋಲ್‌ಕೀಪರು ಗೋಲಿನ ಬಲೆಯನ್ನೇ ಹೊದ್ದು ಮಲಗಿದ್ದನಂತೆ. ಪಂದ್ಯ ರದ್ದಾಯಿತು. ಲೀಗಿನವರು, ಮತ್ತೆ ಆಡಿಸಲು ದಿನ ಇಲ್ಲ, ಆಟ ನಡೆದೇ ಇಲ್ಲವೆಂದು ಭಾವಿಸಿ ಇಬ್ಬರಿಗೂ ಒಂದೊಂದು ಅಂಕ ಎಂದು ಬರೆದು ಕೈತೊಳೆದುಕೊಂಡರು.

ಆಟ ನಡೆದೇ ಇಲ್ಲ ಎಂದಾದರೆ ಕಾರ್ಡು? ಅದು ಉಳಿಯುತ್ತದೆ. ನಿಯಮದ ಪುಸ್ತಕದ ನಲವತ್ತೊಂದನೆಯ ನಿಯಮ, ಎರಡನೆಯ ಸಾಲು: ಪಂದ್ಯ ರದ್ದಾದರೂ ರೆಫರಿ ಕೊಟ್ಟ ಕಾರ್ಡು ರದ್ದಾಗುವುದಿಲ್ಲ. ಲೀಗಿನಲ್ಲಿ ನನ್ನ ಅಡ್ಡಹೆಸರೇ ಕಾಯ್ದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಮ್ಮ ಪಂದ್ಯ ಭಾನುವಾರ. ಶುಕ್ರವಾರ ಸಂಜೆ ಭಾವನ ಫೋನು ಬಂತು. ನಾನು ಕ್ಲಬ್ಬಿನ ಕೋಣೆಯಲ್ಲಿ ಒಗೆದ ಜರ್ಸಿಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದೆ. ಮೊದಲು ಅಕ್ಕನ ಮೊಣಕಾಲು ನೋವಿನ ವಿಷಯ, ಆಮೇಲೆ ನನ್ನ ಮಗಳ ಪರೀಕ್ಷೆಯ ವಿಷಯ. ಆಮೇಲೆ ಕೇಳಿದರು.

"ಅಲ್ಲ, ಕೊಕ್ಕರೆ ಕಾರ್ಡು ಏನಾಗುತ್ತೆ? ಆಫೀಸಿನಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ನೀನು ಹೇಳಿದ್ರೆ ಮುಗೀತು."

ನನ್ನ ಕೈಯಲ್ಲಿ ಒಂಬತ್ತನೆಯ ನಂಬರಿನ ಜರ್ಸಿ ಇತ್ತು. ಅದನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಗೊತ್ತಿಲ್ಲ ಎನ್ನಬಹುದಿತ್ತು. ಎದುರು ಕ್ಲಬ್ಬಿನವನನ್ನು ಕೇಳ್ತೀರಲ್ಲ ಭಾವ ಎಂದು ರೇಗಲೂಬಹುದಿತ್ತು. ರೇಗುವುದು ನನಗೆ ಹೊಸದೇನಲ್ಲ.

"ಆಟವೇ ಇಲ್ಲ ಅಂದ್ಮೇಲೆ ಕಾರ್ಡ್ ಎಲ್ಲಿಂದ ಬರುತ್ತೆ ಭಾವ? ಲೆಕ್ಕಕ್ಕಿಲ್ಲ" ಎಂದೆ.

ಬದುಕಿದೆ ಕಣಪ್ಪಾ ಎಂದು ಅವರು ಫೋನಿಟ್ಟರು. ಎಷ್ಟು ಸಲೀಸಾಗಿ ಬಂತು ಆ ಮಾತು! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಭಾನುವಾರದವರೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ರೆಫರಿ ಕೋಣೆ ಇದೆಯಲ್ಲ, ಅಲ್ಲಿ ಪೆನ್ನು ಇಟ್ಟರಾಯಿತು, ತಮಾಷೆ ಮಾಡಿದೆ ಎಂದರಾಯಿತು.

ರೆಫರಿ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಹಳೆಯ ಕ್ಯಾಲೆಂಡರು. ಭಾವ ತಮ್ಮ ಪಟ್ಟಿಯನ್ನು ನನ್ನ ಕಡೆಗೆ ತಳ್ಳಿದರು. ಅವರ ಅಕ್ಷರ ಗುಂಡಗೆ, ಶಾಲೆಯ ಹಲಗೆಯ ಮೇಲೆ ಬರೆದ ಹಾಗೆ. ಒಂಬತ್ತನೆಯ ನಂಬರಿನ ಎದುರು ಕೊಕ್ಕರೆಯ ನಿಜವಾದ ಹೆಸರು. ನನ್ನ ಪೆನ್ನು ಅಂಗಿಯ ಜೇಬಿನಲ್ಲಿತ್ತು. ಸಹಿಗೆ ಅದನ್ನು ತೆಗೆದರೆ ಎಲ್ಲಿ ಕೈ ತಾನಾಗಿ ಆ ಹೆಸರಿನ ಮೇಲೆ ಇಟ್ಟುಬಿಡುತ್ತದೋ ಎಂದು ಭಯವಾಯಿತು. ರೆಫರಿಯ ಪೆನ್ನು ಕೇಳಿ ತಗೊಂಡು ಸಹಿ ಹಾಕಿದೆ. ಭಾವ ನನ್ನ ಪಟ್ಟಿಯನ್ನು ಓದಲೂ ಇಲ್ಲ, ಸಹಿ ಹಾಕಿದರು.

ಪಂದ್ಯ ಒಂದಕ್ಕೆ ಒಂದು ಡ್ರಾ ಆಯಿತು. ಮುಗಿಯಲು ನಾಲ್ಕು ನಿಮಿಷ ಇದ್ದಾಗ ಅವರ ಗೋಲು ಹೊಡೆದವನು ಕೊಕ್ಕರೆಯೇ. ಭಾವ ಓಡಿಬಂದು, ಅರವತ್ತರ ಹತ್ತಿರದ ಮನುಷ್ಯ, ನನ್ನ ಹೆಗಲ ಮೇಲೆ ಕೈಹಾಕಿ, ಮುಂದಿನ ವರ್ಷ ಮೇಲೆ ಬರ್ತೀರಿ ಬಿಡು, ಬೇಜಾರು ಮಾಡ್ಕೋಬೇಡ ಎಂದರು. ಅವರ ಕಣ್ಣಲ್ಲಿ ನಮಗಾಗಿ ನೀರಿತ್ತು. ನಾನು ಅದೇ ಸಂಜೆ ದೂರು ಬರೆದು ಲೀಗ್ ಆಫೀಸಿನ ಬಾಗಿಲ ಪೆಟ್ಟಿಗೆಗೆ ಹಾಕಿದೆ. ನಲವತ್ತೊಂದು, ಎರಡನೆಯ ಸಾಲು.

ವಿಚಾರಣೆ ಬುಧವಾರ ನಡೆಯಿತು. ಉದ್ದನೆಯ ಮೇಜಿನ ಒಂದೇ ಕಡೆ ನಮ್ಮಿಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿದ್ದರು. ಲೀಗಿನ ಅಧ್ಯಕ್ಷರು ವಕೀಲರು, ಒಳ್ಳೆಯ ಮನುಷ್ಯ. ಇಷ್ಟು ವರ್ಷದ ಅನುಭವಸ್ಥರು ನೀವು, ಇಂಥ ತಪ್ಪು ಹೇಗಾಯಿತು ಎಂದು ಭಾವನನ್ನು ಕೇಳಿದರು. ಯಾರಾದರೂ ನಿಮಗೆ ತಪ್ಪು ಹೇಳಿ ದಾರಿ ತಪ್ಪಿಸಿದ್ದರೆ ಹೇಳಿ, ದೂರನ್ನು ಬದಿಗಿಟ್ಟು ಪಂದ್ಯವನ್ನೇ ಮತ್ತೆ ಆಡಿಸೋಣ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಕಾಲರಿನ ಹತ್ತಿರ ಹೋಗಿತ್ತು.

ಭಾವ ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಯಾರನ್ನೂ ಕೇಳ್ಲಿಲ್ಲ ಸ್ವಾಮಿ. ನಾನೇ ಹಾಗೆ ತಿಳ್ಕೊಂಡೆ" ಎಂದರು.

ನಾನು ಬಾಯಿ ಬಿಡಲಿಲ್ಲ. ಬಿಡಬಹುದಿತ್ತು, ಆಗಲೂ ಸಮಯವಿತ್ತು. ಮೂರು ಅಂಕ ನಮಗೆ ಬಂತು. ಒಂದೇ ಒಂದು ಅಂಕದಿಂದ ನಾವು ಉಳಿದೆವು, ಅವರು ಬಿದ್ದರು. ಜನರಲ್ ಮ್ಯಾನೇಜರ್ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ನನ್ನ ಕೈಕುಲುಕಿದರು. ಕಾಯ್ದೆ ಅಂದ್ರೆ ಕಾಯ್ದೆ ಎಂದು ಹುಡುಗರು ಚಪ್ಪಾಳೆ ತಟ್ಟಿದರು. ನೆಲ ಬಿರಿದು ನುಂಗಬಾರದೇ ಎಂದು ಕತೆಗಳಲ್ಲಿ ಓದಿದ್ದೆ. ಕ್ಯಾಂಟೀನಿನ ನೆಲ ಗಟ್ಟಿ ಇತ್ತು. ನಿಂತು ನಗಬೇಕಾಯಿತು.

ಎರಡು ವಾರದಲ್ಲಿ ನಲ್ಲಿಯವರ ಕ್ಲಬ್ಬನ್ನು ಇಲಾಖೆ ಮುಚ್ಚಿತು. ಕೊಕ್ಕರೆಯನ್ನು ಮೀಟರ್ ಓದುವ ಕೆಲಸಕ್ಕೆ ಹಾಕಿದರು. ಒಂದು ಬೆಳಗ್ಗೆ ನಮ್ಮ ಮನೆಯ ಮೀಟರಿನ ಮುಂದೆಯೇ ಬಗ್ಗಿ ನಿಂತಿದ್ದ. ನನ್ನನ್ನು ನೋಡಿ, ನನ್ನ ಬಾಯಿಂದಲೇ ಎಲ್ಲಾ ಹಾಳಾಯ್ತು ಸರ್, ರೆಫರಿ ಹತ್ರ ಸುಮ್ನಿರಬೇಕಿತ್ತು ಎಂದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಭಾನುವಾರ ಭಾವ ಫೋನು ಮಾಡಿ, ಕ್ಲಬ್ಬಿನ ಕೋಣೆ ಖಾಲಿ ಮಾಡ್ತಿದ್ದೀನಿ, ನಿನಗೆ ಬೇಕಾದ್ದು ಇದ್ರೆ ತಗೊಂಡು ಹೋಗು, ಹಾಗೇ ಅಕ್ಕನೂ ಊಟಕ್ಕೆ ಬಾ ಅಂದಿದ್ದಾಳೆ ಎಂದರು. ಹೋಗದಿರಲು ನೆಪ ಹುಡುಕಿದೆ, ಒಂದೂ ಸಿಗಲಿಲ್ಲ.

ಕೋಣೆಯಲ್ಲಿ ಗೋಡೆಯ ಮೊಳೆಗಳು ಮಾತ್ರ ಉಳಿದಿದ್ದವು. ಫೋಟೋಗಳು ಕೆಳಗೆ ಒಂದರ ಮೇಲೊಂದು ಇದ್ದವು. ಭಾವ ಹಳೆಯ ಬೂಟುಗಳನ್ನು ಜೋಡಿ ಮಾಡಿ ದಾರ ಕಟ್ಟುತ್ತಿದ್ದರು, ಯಾರ ಉಪಯೋಗಕ್ಕೋ. ನನಗೆ ಮೂರು ಚೆಂಡು, ಒಂದು ಪಂಪು ಎತ್ತಿಟ್ಟಿದ್ದರು. ಜೊತೆಗೆ ಅವರ ನಿಯಮದ ಪುಸ್ತಕವೂ ಇತ್ತು. ನನ್ನದು ಹರಿದಿದೆಯಂತೆ, ಇನ್ನು ಅವರಿಗೆ ಬೇಕಿಲ್ಲವಂತೆ.

ಪುಸ್ತಕ ತಾನಾಗಿ ನಲವತ್ತೊಂದರ ಹತ್ತಿರ ತೆರೆದುಕೊಂಡಿತು. ಎರಡನೆಯ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ. ಪಕ್ಕದಲ್ಲಿ ಆ ಗುಂಡನೆಯ ಅಕ್ಷರ: ಶುಕ್ರವಾರ ಸಂಜೆ ಭಾವಮೈದನನ್ನು ಕೇಳಿದೆ. ಲೆಕ್ಕಕ್ಕಿಲ್ಲ ಎಂದ.

ಓದಿದ್ದರು. ಓದಿ, ಗೆರೆ ಎಳೆದು, ಆಮೇಲೆ ನನ್ನನ್ನು ಕೇಳಿದ್ದರು. ಪುಸ್ತಕ ಒಂದು ಹೇಳುತ್ತದೆ, ನಾನು ಇನ್ನೊಂದು ಹೇಳಿದೆ, ಅವರು ಪುಸ್ತಕವನ್ನು ಬಿಟ್ಟು ನನ್ನನ್ನು ನಂಬಿದ್ದರು. ವಿಚಾರಣೆಯ ದಿನ ಅವರ ತೊಡೆಯ ಮೇಲಿದ್ದ ಚೀಲದಲ್ಲಿ ಇದೇ ಪುಸ್ತಕ ಇದ್ದಿರಬೇಕು. ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಮೇಲೆ ಇಟ್ಟು ಪುಸ್ತಕವನ್ನು ಅವರ ಮುಂದೆ ಸರಿಸಿದೆ.

ಭಾವ ನೋಡಿದರು. ಕೈಯಲ್ಲಿದ್ದ ಬೂಟು ಕೆಳಗಿಟ್ಟರು.

"ನಿನ್ನ ದೂರಿನಲ್ಲಿ ಆ ನಂಬರ್ ಓದಿದಾಗಲೇ ತಿಳೀತು" ಎಂದರು.

"ಮತ್ತೆ ಯಾಕೆ ತೋರಿಸ್ಲಿಲ್ಲ ಭಾವ?"

"ತೋರಿಸಿದ್ರೆ ನನ್ನ ಕ್ಲಬ್ ಉಳೀತಿತ್ತು. ನಿನ್ನಕ್ಕನಿಗೆ ತವರು ಉಳೀತಿರ್ಲಿಲ್ಲ. ಅಪ್ಪ ಅಮ್ಮ ಹೋದ್ಮೇಲೆ ಅವಳಿಗೆ ಇರೋದು ನೀನೊಬ್ಬ."

ಪೆನ್ನನ್ನು ಎತ್ತಿ ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದರು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತೆ. ಲೀಗಿಗೆ ಬರೆದು ಕೊಡುತ್ತೇನೆ ಎಂದೆ. ತಂಡವೇ ಇಲ್ಲ, ಯಾರನ್ನು ಆಡಿಸ್ತೀಯ ಎಂದರು. ಅಕ್ಕನಿಗಾದರೂ ಹೇಳುತ್ತೇನೆ ಎಂದೆ. ಅದಕ್ಕೆ ಮಾತ್ರ ಅವರು ಗದರಿದರು. ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಗದರಿದ್ದು ಅದೊಂದೇ ಸಲ. ಮುಖ ತೊಳ್ಕೋ, ಊಟಕ್ಕೆ ಹೊತ್ತಾಯ್ತು ಎಂದರು.

ಅಕ್ಕ ಇಬ್ಬರಿಗೂ ತಟ್ಟೆ ಹಾಕಿದಳು. ನೋವಿನ ಮೊಣಕಾಲಿನಲ್ಲೇ ನನಗೆ ಇಷ್ಟವಾದದ್ದನ್ನೆಲ್ಲ ಮಾಡಿದ್ದಳು. ಬಡಿಸುತ್ತಾ ಬಡಿಸುತ್ತಾ ಗಂಡನ ಮೇಲೆ ಶುರು ಮಾಡಿದಳು. ಊರಿನ ಮಂದಿಯೆಲ್ಲ ಬೈದರಂತೆ, ಆಟಗಾರರ ಹೆಂಡಂದಿರು ಮಾತು ಬಿಟ್ಟರಂತೆ, ಎಲ್ಲಾ ಈ ಮನುಷ್ಯನ ಅಜಾಗರೂಕತೆಯಿಂದ ಎಂದು.

"ಮನೆಯಲ್ಲೇ ಕಾಯ್ದೆ ಗೊತ್ತಿರೋನು ನನ್ನ ತಮ್ಮ ಇದ್ದಾನೆ. ಎದುರು ಕ್ಲಬ್ ಆದ್ರೇನು, ಕೇಳಿದ್ರೆ ಸುಳ್ಳು ಹೇಳ್ತಿದ್ನಾ? ಅವನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

ಭಾವ ತುತ್ತು ನುಂಗಿ, ನೀರು ಕುಡಿದು, "ಹೌದು, ಕೇಳಬೇಕಿತ್ತು" ಎಂದರು.

ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನಾನು ಸಾಕು ಎನ್ನಲಿಲ್ಲ, ತಿಂದೆ.