ಬ್ಯಾಡ ಎನ್ನುವಷ್ಟರಲ್ಲಿ

“ಅಜ್ಜಿ, ಥೋಡಾ ಪೀಛೆ, ಹಿಂದ ಸರಿ. ಮೈಕ್ ತಿನಬ್ಯಾಡ,” ಎಂದ ಮೊಮ್ಮಗ ದಿಲೀಪ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

“ತಿನ್ನಾಕ ಅದೇನ್ ಭಜಿ ಏನೋ?”

ದ್ರೌಪದಿಯ ಮಾತು ಮೈಕಿನಲ್ಲಿ ಕೇಳಿ ನೌಪಾಡಾದ ಕನ್ನಡ ಸಂಘದ ಸಭಾಂಗಣವೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ, ತಮ್ಮ ವಾಗ್ಳೆ ಎಸ್ಟೇಟಿನ ಚಾಳಿನವರ ನಡುವೆ ಕೂತಿದ್ದ ಮಗಳು ಜ್ಯೋತಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಅದನ್ನು ದ್ರೌಪದಿ ನೋಡಿದಳು.

ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಳ್ಳುತ್ತೇನೆ ಎಂದ ದಿನ ಇದೇ ಮಗಳಿಗೆ ಅವಳು ಖೋಲಿಯ ಬಾಗಿಲಲ್ಲಿ ನಿಂತು “ಹೋಗ” ಎಂದಿದ್ದಳು. ಜ್ಯೋತಿ ಕಲ್ಯಾಣಕ್ಕೆ ಹೋದಳು. ಕಲ್ಯಾಣವೇನು ದೂರವೇ, ಇದೇ ಲೈನಿನ ಲೋಕಲ್ಲು. ಆದರೂ ಇಷ್ಟು ವರ್ಷ ತಾಯಿಯೂ ಹತ್ತಲಿಲ್ಲ, ಮಗಳೂ ಹತ್ತಲಿಲ್ಲ. ಈಗ ಜ್ಯೋತಿ, ತನ್ನ ಅಣ್ಣನ ಮಗ ದಿಲೀಪ ಫೋನು ಮಾಡಿ ಕರೆದನೆಂದು ಬಂದಿದ್ದಳು. ಅವಳು ಬರುತ್ತಾಳೆಂದು ತಿಳಿದ ಮೇಲೆಯೇ ದ್ರೌಪದಿ, ಕಾಳು ಬೀಸುತ್ತ ಮಗಳನ್ನು ಹೋಗಬ್ಯಾಡ ಎಂದು ತಡೆಯುವ ಈ ಬೀಸುವ ಪದವನ್ನು ಆರಿಸಿದ್ದು. ಎದುರಿಗೆ ನಿಂತು ಆಡಲಾಗದ್ದನ್ನು ಹಾಡಿನಲ್ಲಾದರೂ ಹೇಳಿಬಿಡಬೇಕು.

ಅವಳು ಒಂದು ಸಾಲು ಹಾಡಬೇಕು. ಲ್ಯಾಪ್‌ಟಾಪು ಅದರ ಕೊನೆಯ ತುಂಡನ್ನು ಹಿಡಿದು, ಬೀಸುಕಲ್ಲು ತಿರುಗಿದ ಹಾಗೆ ಮತ್ತೆ ಮತ್ತೆ ಹೇಳುತ್ತದೆ. ದಿಲೀಪ ಅದರ ಮೇಲೆ ಡೋಲು ಕೂಡಿಸುತ್ತಾನೆ. ತಾಳದ ಒಂದು ಸುತ್ತಿನೊಳಗೆ ಸಾಲು ಮುಗಿಯಬೇಕು, ಮುಂದಿನದನ್ನು ಅದು ಹಿಡಿಯುವುದಿಲ್ಲ. ಮನೆಯಲ್ಲಿ ಹಾಡಿ ನೋಡಿದಾಗ ಸರಿಯಾಗಿಯೇ ಕೂತಿತ್ತು.

“ಕಾಳಿನ್ನೂ ಮುಗದಿಲ್ಲ, ನನ ಮಗಳ ಹೋ…ಗ…”

ಮಗಳ ಮುಖ ನೋಡುತ್ತಲೇ ದನಿ ತಾನಾಗಿ ಎಳೆದುಕೊಂಡಿತು. “ಬ್ಯಾಡ” ಎನ್ನುವಷ್ಟರಲ್ಲಿ ಸುತ್ತು ಮುಗಿದಿತ್ತು.

“ನನ ಮಗಳ ಹೋಗ… ನನ ಮಗಳ ಹೋಗ…”

ಎರಡೂ ಸ್ಪೀಕರಿನಿಂದ ಅವಳದೇ ದನಿ, ಅವಳಿಗಿಂತ ದೊಡ್ಡದಾಗಿ. ಅದರ ಮೇಲೆ ಡೋಲು ಬಿತ್ತು. ಮುಂದಿನ ಸಾಲಿನವರು ಕಾಲು ಕುಣಿಸಿದರು. ಜ್ಯೋತಿಯ ನಗು ನಿಂತಿತು.

“ಬ್ಯಾಡ!” ಎಂದು ಕೂಗಿದಳು ದ್ರೌಪದಿ. “ಬ್ಯಾಡ, ಬ್ಯಾಡೋ!”

ಅಜ್ಜಿಗೆ ಹುರುಪು ಬಂತೆಂದುಕೊಂಡ ದಿಲೀಪ ಅದನ್ನೂ ಹಿಡಿದ. ಅದು ಆ ತುಂಡಿನ ತಲೆಗೆ ಹೋಗಿ ಕೂತಿತು.

“ಬ್ಯಾಡ, ಬ್ಯಾಡ ನನ ಮಗಳ, ಹೋಗ…”

ಚಪ್ಪಾಳೆ ಬಿತ್ತು. ಜ್ಯೋತಿ ಪರ್ಸು ಎತ್ತಿಕೊಂಡು, ಕೂತವರ ಮೊಣಕಾಲು ದಾಟಿ ದಾಟಿ ಹೊರಗೆ ನಡೆದಳು. ದ್ರೌಪದಿ ವೇದಿಕೆ ಇಳಿಯಲು ಹೊರಟರೆ ಕಾಲಿಗೆ ವೈರುಗಳು ತೊಡರಿದವು.

“ಎಷ್ಟ್ ಚೆನ್ನಾಗಿತ್ತು ಅಜ್ಜಿ! ನಂಗಂತೂ ಕಣ್ಣಲ್ಲಿ ನೀರು ಬಂದ್ಬಿಡ್ತು,” ಎಂದರು ಸಂಘದ ಸರಳಾ, ಶಾಲು ಹೊದಿಸುತ್ತ.

ಜನ ಚದುರಿದ ಮೇಲೆ ದ್ರೌಪದಿ, ಮಗಳ ಕಿವಿಗೆ ಬಿದ್ದದ್ದೇನೆಂದು ದಿಲೀಪನಿಗೆ ಹೇಳಿದಳು. ಮೊದಲು ಅವನು, “ಬೀಟ್ ಮಸ್ತ್ ಕೂತಿತ್ತಲ್ಲ ಅಜ್ಜಿ,” ಎಂದ. ಆಮೇಲೆ ಅರ್ಥವಾಯಿತು. ಅತ್ತೆ ಜ್ಯೋತಿಗೆ ಫೋನು ಹಚ್ಚಿದ, ಮತ್ತೆ ಹಚ್ಚಿದ.

“ಉಠಾ ನಹೀ ರಹೀ. ಫೋನ್ ಎತ್ತವಲ್ಲಳು.”

“ನಾ ಎಳದದ್ದ ತಪ್ಪಾತು.”

“ನಹೀ ಅಜ್ಜಿ, ನಾ ಬರೇ ತಾಳ ಕೇಳ್ದೆ.” ಅವನು ಮತ್ತೆ ಲ್ಯಾಪ್‌ಟಾಪು ತೆರೆದ. ತಲೆಗೆ ಕೂತಿದ್ದ ಮಾತನ್ನು ಎತ್ತಿ ಕೊನೆಗೆ ತಂದು ಕೂಡಿಸಿದ. “ಈಗ ಕೇಳು.”

“ನನ ಮಗಳ ಹೋಗಬ್ಯಾಡ… ನನ ಮಗಳ ಹೋಗಬ್ಯಾಡ…”

ಸ್ಪೀಕರುಗಳನ್ನು ಆಗಲೇ ಒಯ್ದಿದ್ದರು. ಲ್ಯಾಪ್‌ಟಾಪಿನ ದನಿ ಅವರಿಬ್ಬರಿಗೆ ಕೇಳುವಷ್ಟೇ ಇತ್ತು. ದ್ರೌಪದಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ, ತೆರೆದ ಬಾಗಿಲ ಕಡೆಗೆ ಮುಖ ಮಾಡಿಟ್ಟಳು. ಹೊರಗೆ ರಸ್ತೆಯಲ್ಲಿ ರಿಕ್ಷಾಗಳು ಒಂದರ ಹಿಂದೊಂದು ಹಾರ್ನು ಹೊಡೆಯುತ್ತಿದ್ದವು.