ಒಂದೇ ಮಟ್ಟದ ಕಟ್ಟೆ

ಭಾವ ಬಂದರೆಂದರೆ ನಮ್ಮ ಷೋರೂಮಿನ ಎಸಿಗೂ ಸೆಕೆಯಾಗುತ್ತದೆ. ನಾದಿನಿ ಕೆಲಸ ಮಾಡುವ ಅಂಗಡಿ ಎಂದರೆ ಅವರಿಗೆ ಸ್ವಂತದ್ದೇ ಇದ್ದ ಹಾಗೆ. ಕುರ್ಚಿಯನ್ನು ತಾವೇ ಎಳೆದುಕೊಳ್ಳುತ್ತಾರೆ, ಟೀಯನ್ನು ತಾವೇ ಹೇಳುತ್ತಾರೆ, ಬೆಲೆಯನ್ನೂ ತಾವೇ ಹೇಳುತ್ತಾರೆ. ನಾವು ಮಾರುವುದು ಅಡುಗೆಮನೆಗಳನ್ನು. ನಾನು ಅವನ್ನು ಕಂಪ್ಯೂಟರಿನಲ್ಲಿ ಬಿಡಿಸುವವಳು.

ಆ ದಿನ ಅಕ್ಕನನ್ನೂ ಕರೆತಂದಿದ್ದರು. ಅಕ್ಕನ ಎರಡೂ ಮಂಡಿಗಳು ಸವೆದುಹೋಗಿವೆ, ನಿಂತು ಅಡುಗೆ ಮಾಡಲಾರಳು. ಸೊಂಟದೆತ್ತರದ ಹಳೇ ಕಟ್ಟೆಯ ಮುಂದೆ ಕುರ್ಚಿ ಹಾಕಿಕೊಂಡು, ತರಕಾರಿಯನ್ನು ಮಡಿಲಲ್ಲೇ ಹೆಚ್ಚಿ, ಒಲೆಯ ಮೇಲಿನದನ್ನು ಕೈಯಾಡಿಸಲು ಮಾತ್ರ ಹಲ್ಲು ಕಚ್ಚಿ ಏಳುತ್ತಾಳೆ. ಆದರೂ ಅಡುಗೆಮನೆ ಬಿಟ್ಟುಕೊಟ್ಟವಳಲ್ಲ. ಆ ಮನೆಯಲ್ಲಿ ಅವಳ ಮಾತು ನಡೆಯುವ ಜಾಗ ಅದೊಂದೇ.

ಹೊಸ ಅಡುಗೆಮನೆ ಮಾಡಿಸುತ್ತೇನೆಂದು ಭಾವ ಫೋನ್ ಮಾಡಿದಾಗ, ಕೊನೆಗೂ ಈ ಮನುಷ್ಯನಿಗೆ ಕಣ್ಣು ಬಂತು ಅಂದುಕೊಂಡೆ. ಸಂಬಳಕ್ಕೆ ಎಂದೂ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವಳಲ್ಲ ನಾನು. ಒಲೆಯನ್ನೂ ಹೆಚ್ಚುವ ಜಾಗವನ್ನೂ ಅಕ್ಕ ಕುಳಿತರೆ ಮೊಣಕೈಗೆ ಸರಿಯಾಗಿ ಬರುವಷ್ಟು ತಗ್ಗಿಸಿದೆ. ಕೆಳಗೆ ಕಪಾಟು ಇಡಲಿಲ್ಲ, ಕಾಲು ಚಾಚಲು ಖಾಲಿ ಬಿಟ್ಟೆ.

ಭಾವ ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಿದು, ಮಧ್ಯದಲ್ಲಿ ಹಲ್ಲು ಬಿದ್ದ ಹಾಗೆ?"

"ಅದು ಅಕ್ಕನಿಗೆ ಭಾವ. ಕೂತು ಅಡುಗೆ ಮಾಡೋಕೆ."

"ಕಟ್ಟೆ ಅಂದ್ರೆ ಈ ಕೊನೆಯಿಂದ ಆ ಕೊನೆಗೆ ಒಂದೇ ಮಟ್ಟ ಇರಬೇಕು. ಅವಳಿಗೆ ಎತ್ತರದ್ದೊಂದು ಸ್ಟೂಲ್ ತಂದ್ರಾಯ್ತು."

"ಏಳೋಕೇ ಆಗದವಳನ್ನ ಸ್ಟೂಲ್ ಹತ್ತಿಸ್ತೀರಾ?"

"ಮೆಣಸಿನಕಾಯಿ ನೀನು," ಎಂದು ನಕ್ಕರು. ಅಕ್ಕನ ಮದುವೆಯ ದಿನದಿಂದ ನನಗೆ ಅವರಿಟ್ಟ ಹೆಸರು ಅದು. "ಸುಮ್ನೆ ಸಾಲಾಗಿ ಜೋಡಿಸಮ್ಮ."

ನಮ್ಮ ಸಾಫ್ಟ್‌ವೇರಿನಲ್ಲಿ ಯಾವ ಪೆಟ್ಟಿಗೆಯನ್ನು ಒತ್ತಿದರೂ ಅದರಿಂದ ಮೂರು ಬಾಣಗಳು ಹೊರಡುತ್ತವೆ. ಕೆಂಪು ಹಿಡಿದೆಳೆದರೆ ಪಕ್ಕಕ್ಕೆ, ಹಸಿರು ಹಿಡಿದರೆ ಹಿಂದಕ್ಕೆ ಮುಂದಕ್ಕೆ, ನೀಲಿ ಹಿಡಿದರೆ ಮೇಲಕ್ಕೆ ಕೆಳಕ್ಕೆ. ಒಂದನ್ನು ಹಿಡಿದಾಗ ಮಿಕ್ಕ ದಿಕ್ಕಿಗೆ ಅದು ಕೂದಲೆಳೆಯಷ್ಟೂ ಸರಿಯದು. ಹಲವನ್ನು ಒಂದೇ ಸಾಲಿಗೆ ತರಬೇಕಾದರೆ ಎಲ್ಲವನ್ನೂ ಆರಿಸಿ, ದಿಕ್ಕು ಹೇಳಿ, ಕೊನೆಗೆ ಒಂದನ್ನು ಒತ್ತಬೇಕು. ಒತ್ತಿದ್ದು ಇದ್ದಲ್ಲೇ ಇರುತ್ತದೆ, ಉಳಿದವೆಲ್ಲ ಅದರ ಮಟ್ಟಕ್ಕೆ ಬರುತ್ತವೆ. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುವಾಗ, ಮನೆಯ ಯಜಮಾನರನ್ನು ನೋಡಿದ್ದೀರಲ್ಲ ಹಾಗೆ, ಎನ್ನುತ್ತೇನೆ. ಹುಡುಗಿಯರಿಗೆ ಬೇಗ ಅರ್ಥವಾಗುತ್ತದೆ.

ನಾನು ಹಸಿರು ದಿಕ್ಕಿಗೆ ಮಾತ್ರ ಎಲ್ಲವನ್ನೂ ಸಾಲು ಮಾಡಿದೆ, ನೀಲಿಯನ್ನು ಮುಟ್ಟಲಿಲ್ಲ. ಆಮೇಲೆ ಚಿತ್ರವನ್ನು ತಿರುಗಿಸಿ, ಛಾವಣಿಯಿಂದ ಇಣುಕಿದರೆ ಕಾಣುವಂತೆ ನಿಲ್ಲಿಸಿದೆ. ಮೇಲಿನಿಂದ ನೋಡಿದವರಿಗೆ ಹಳ್ಳವೂ ದಿಣ್ಣೆಯೂ ಒಂದೇ. ಕಟ್ಟೆಯ ಅಂಚು ದಾರ ಹಿಡಿದು ಎಳೆದಷ್ಟು ನೇರವಾಗಿ ಕಂಡಿತು.

"ಈಗ ಸರಿಯಾಯ್ತಾ ಭಾವ?"

"ಹಾಂ, ಇದು ಮಾತು," ಎಂದರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು, ಎದ್ದು ಗಾಜಿನ ಬಾಗಿಲಾಚೆ ಹೋದರು.

ಪಕ್ಕದಲ್ಲಿ ಕುಳಿತಿದ್ದ ಅಕ್ಕ ಪರದೆಯ ಕಡೆ ಬಾಗಿದಳು.

"ಅದು ಇನ್ನೂ ಕೆಳಗೇ ಇದೆ ಅಲ್ವೇನೆ?"

"ಇದೆ. ನೀನು ಬಾಯಿ ಮುಚ್ಕೊಂಡಿರು. ಕಟ್ಟಿ ಮುಗಿದ ಮೇಲೆ ಕಲ್ಲು ಒಡೆಸ್ತಾರಾ? ನಾಲ್ಕು ದಿನ ಮುಖ ಊದಿಸ್ಕೊಂಡು ಓಡಾಡ್ತಾರೆ, ಅಷ್ಟೇ."

"ಬೇಡ. ಏರಿಸಿಬಿಡು."

"ನಿನಗೋಸ್ಕರ ನಾನಿಲ್ಲಿ ಬಡ್ಕೋತಿದ್ರೆ, ನೀನೇ ಹೀಗಂದ್ರೆ ಹೇಗೆ?"

"ಆ ಅಡುಗೆಮನೆ ನನಗಲ್ಲ ಕಣೆ. ಮನೆ ಮಾರ್ತಿದಾರೆ. ಅಡುಗೆಮನೆ ಹೊಸದಾಗಿದ್ರೆ ನೋಡೋಕೆ ಬಂದವರು ಬೇಗ ಒಪ್ತಾರಂತೆ. ಇವರು ತಮ್ಮ ಅಂಗಡಿ ಹತ್ರ ಒಂದು ರೂಮು ನೋಡ್ಕೊಂಡಿದಾರೆ. ಒಬ್ಬರಿಗೆ ಸಾಕಂತೆ."

"ಒಬ್ಬರಿಗೆ ಅಂದ್ರೆ? ನೀನೆಲ್ಲಿರ್ತೀಯ?"

ಅಕ್ಕ ನನ್ನ ಮುಖವನ್ನೇ ನೋಡಿದಳು. "ನಿನ್ನ ಹತ್ರ ಮಾತಾಡಿ ಆಗಿದೆ ಅಂದ್ರಲ್ಲ. ನಿಮ್ಮನೇಲಿ ಇಟ್ಕೊಳೋಕೆ ನೀನು ಹೂಂ ಅಂದಿದೀಯ ಅಂದ್ರು."

ನನ್ನ ಹತ್ತಿರ ಯಾರೂ ಮಾತಾಡಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಮೊದಲು ಸಿಟ್ಟು ಬರಬೇಕಿತ್ತು. ಬದಲಿಗೆ ನಮ್ಮ ಎರಡು ಕೋಣೆಯ ಮನೆ ಕಣ್ಣಮುಂದೆ ಬಂತು. ಮಗಳು ಓದುವ ಮೂಲೆ, ಹಾಸಿಗೆ ಹಾಸಿದರೆ ಮುಚ್ಚಿಹೋಗುವ ಬಾಗಿಲು, ವಿಷಯ ಕೇಳಿದಾಗ ಗಂಡ ಮಾಡುವ ಮುಖ. ಒಡಹುಟ್ಟಿದವಳನ್ನು ಎದುರಿಗೆ ಕೂರಿಸಿಕೊಂಡು ಜಾಗ ಅಳೆಯುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆಮೇಲೆ ಸಿಟ್ಟು ಬಂತು. ಅದರಲ್ಲಿ ಅರ್ಧ ಅಕ್ಕನ ಮೇಲೆಯೇ. ಅವಳು ಒಂದು ಸಲವಾದರೂ ಆಗುವುದಿಲ್ಲ ಎಂದಿದ್ದರೆ ಭಾವ ಇಷ್ಟು ಬೆಳೆಯುತ್ತಿರಲಿಲ್ಲ.

"ಏರಿಸೆ," ಎಂದಳು ಮತ್ತೆ. "ಅವರು ಬಂದು ನೋಡಿದ್ರೆ ಇಲ್ಲೇ ಬೈಯೋಕೆ ಶುರು ಮಾಡ್ತಾರೆ."

ಎಲ್ಲವನ್ನೂ ಆರಿಸಿದೆ. ನೀಲಿ ದಿಕ್ಕು ಹೇಳಿ, ಮಿಕ್ಕ ಕಟ್ಟೆಯ ಎತ್ತರಕ್ಕಿದ್ದ ಕಪಾಟೊಂದನ್ನು ಒತ್ತಿದೆ. ಅಕ್ಕನ ಒಲೆ, ಅವಳ ಹೆಚ್ಚುವ ಜಾಗ, ಎರಡೂ ಮೇಲೆದ್ದು ಉಳಿದವುಗಳ ಪಕ್ಕ ನಿಂತವು. ಸುಳ್ಳು ಹೇಳಬಾರದು, ನೋಡಲು ಮೊದಲಿಗಿಂತ ಚೆನ್ನಾಗಿಯೇ ಇತ್ತು. ಅದು ನನ್ನನ್ನು ಇನ್ನಷ್ಟು ಉರಿಸಿತು.

ಭಾವ ವಾಪಸ್ ಬಂದು ಕುಳಿತರು. ನಾನು ಮುಚ್ಚುಮರೆ ಮಾಡಲಿಲ್ಲ.

"ಅಕ್ಕನ್ನ ನಮ್ಮ ಮನೆಗೆ ಕಳಿಸ್ತೀರಂತೆ."

ಅವರು ಅಕ್ಕನ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಕಳಿಸೋದೇನು ಬಂತು? ತವರಿಗೆ ತಾನೆ ಬರ್ತಿರೋದು."

"ನಮ್ಮದು ತವರಲ್ಲ, ಬಾಡಿಗೆ ಮನೆ. ಅಪ್ಪ ಹೋದಾಗ ಇವಳನ್ನ ಎರಡು ದಿನ ಬಿಟ್ಟಿರಿ ಅಂದ್ರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತ ಅವತ್ತೇ ಕರ್ಕೊಂಡು ಹೋದವರು ನೀವು. ಈಗ ತವರು ನೆನಪಾಯ್ತಾ?"

"ಹಳೇದನ್ನೆಲ್ಲ ಕೆದಕಬೇಡ. ನನಗೂ ವಯಸ್ಸಾಯ್ತು, ಇವಳನ್ನ ಎತ್ತಿ ಕೂರಿಸೋ ಶಕ್ತಿ ನನಗಿಲ್ಲ. ತಂಗಿಯಾದವಳು ಅಷ್ಟೂ ಮಾಡಲ್ವಾ?" ಧ್ವನಿ ಏರಿಸಲಿಲ್ಲ. ಪಕ್ಕದ ಮೇಜಿನವರು ಕೇಳಿಸಿಕೊಂಡಿದ್ದರೆ ನಾನೇ ಕಟುಕಿ ಎನ್ನುತ್ತಿದ್ದರು. ಪರದೆಯ ಕಡೆ ನೋಡಿ ತಲೆಯಾಡಿಸಿದರು. "ಈಗ ಅಡುಗೆಮನೆ ಅನ್ನಿಸ್ತಿದೆ ನೋಡು." ಸಹಿ ಹಾಕಿ, ಕಾರು ತರಲು ಎದ್ದು ಹೋದರು.

ಅಕ್ಕನನ್ನು ಎಬ್ಬಿಸಿ, ತೋಳು ಹಿಡಿದು ಬಾಗಿಲವರೆಗೆ ನಡೆಸಿದೆ. ಸಾಲಾಗಿ ನಿಲ್ಲಿಸಿದ್ದ ಮಾದರಿ ಕಟ್ಟೆಗಳನ್ನು ಅವಳು ಒಂದೊಂದಾಗಿ ಹಿಡಿದುಕೊಂಡು ಬಂದಳು. ಕೊನೆಯದರ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. ನಾವು ಈಗಿರುವ ಮನೆಗೆ ಅವಳು ಒಮ್ಮೆಯೂ ಬಂದವಳಲ್ಲ.

"ನಿಮ್ಮನೆಗೆ ಎಷ್ಟು ಮಹಡಿ ಹತ್ತಬೇಕೆ?"

"ಮೂರು."

ಬಾ ಅಕ್ಕ, ಹೇಗೋ ಆಗುತ್ತೆ, ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಲಿಫ್ಟ್ ಇಲ್ಲ ಅಕ್ಕ," ಎಂದೆ.

ಅವಳಿಗೆ ಅರ್ಥವಾಯಿತು. ಆದರೂ ನನ್ನ ಕೈ ಬಿಡಲಿಲ್ಲ, ಬಿಟ್ಟರೆ ಬೀಳುತ್ತಿದ್ದಳು.

"ಒಂದ್ಸಲ ಹತ್ತಿದ್ರೆ ಆಯ್ತಲ್ಲ," ಎಂದಳು. "ಮತ್ತೆ ಇಳಿದು ನಾನೆಲ್ಲಿಗೆ ಹೋಗಬೇಕು."