ನಗಬೇಕಾದ ಜಾಗ

ಕಮಲಾಕ್ಷರಿಗೆ ಇಂಗ್ಲಿಷಿನಲ್ಲಿ ನಗುವುದನ್ನು ಕಲಿಸಿದ್ದು ಅಮೆರಿಕದ ಟಿವಿ. ಉಡುಪಿ ಕಡೆಯಿಂದ ಹೆಂಡತಿ ಪ್ರೇಮಾವತಿಯನ್ನೂ ಎಂಟು ವರ್ಷದ ಮಗಳು ವಿಜೇತಾಳನ್ನೂ ಕರೆದುಕೊಂಡು ಸಿಡ್ನಿಗೆ ಬಂದ ಹೊಸತರಲ್ಲಿ, ಸಂಜೆಯಾದರೆ ಮೂವರೂ ಬಾಡಿಗೆ ಮನೆಯ ಸೋಫಾದಲ್ಲಿ ಸಾಲಾಗಿ ಕೂರುತ್ತಿದ್ದರು. ಪರದೆಯ ಮೇಲಿನವರ ಮಾತು ಅರ್ಧಕ್ಕರ್ಧ ತಲೆಗೆ ಹೋಗುತ್ತಿರಲಿಲ್ಲ. ಆದರೇನು, ಒಂದೊಂದು ಜೋಕು ಮುಗಿದಾಗಲೂ ಟಿವಿಯೊಳಗಿನ ಕಾಣದ ಜನ ಹೋ ಎಂದು ನಗುತ್ತಿದ್ದರು. ಅದು ಕೇಳಿದ ಕೂಡಲೇ ಕಮಲಾಕ್ಷರೂ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಕೊನೆಗೆ ಜಗಳವಾಡಿದವರೆಲ್ಲ ತಬ್ಬಿಕೊಳ್ಳುತ್ತಿದ್ದರು, ಪ್ರೇಮಾವತಿ ಕಣ್ಣೊರೆಸಿಕೊಂಡು ಊಟ ಬಡಿಸಲು ಏಳುತ್ತಿದ್ದರು. ಹತ್ತೊಂಬತ್ತು ವರ್ಷ ಕಳೆದರೂ ಆ ಮನೆಯಲ್ಲಿ ಈ ಕ್ರಮ ಬದಲಾಗಿರಲಿಲ್ಲ. ಬದಲಾದದ್ದು ಮನೆ ಮಾತ್ರ. ಈಗ ಸಿಡ್ನಿಯ ಅಂಚಿನ ದಿ ಪಾಂಡ್ಸ್‌ನಲ್ಲಿ ಹೊಸ ಮನೆ, ತಲೆಯ ಮೇಲೆ ಹೊಸ ಮಾರ್ಟ್‌ಗೇಜ್ ಸಾಲ, ಪಕ್ಕದ ಸೈಟಿನಲ್ಲಿ ಮಣ್ಣು ಅಗೆಯುವ ಯಂತ್ರದ ಸದ್ದು. ಆ ಸದ್ದನ್ನು ಮೀರಿಸುವಂತೆ ಟಿವಿ ಹಾಕಿಕೊಂಡು ಕಮಲಾಕ್ಷರು ನಗುತ್ತಿದ್ದರು.

ಅಳಿಯ ಸುಧನ್ವನಿಗೆ ಈ ನಗು ಕೇಳಿದರೇ ಆಗದು. ಅವನು ಮೈಸೂರಿನವನು. ಓದಲು ಮೆಲ್ಬರ್ನ್‌ಗೆ ಬಂದು ಗ್ಲೆನ್ ವೇವರ್ಲಿಯಲ್ಲಿ ಒಬ್ಬ ಮುದಿ ಇಂಗ್ಲೆಂಡಿನವನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದ. ಆ ಮುದುಕ ಸರ್ಕಾರಿ ಚಾನೆಲ್ ಬಿಟ್ಟು ಬೇರೆ ನೋಡುತ್ತಿರಲಿಲ್ಲ, ಅದರಲ್ಲೂ ಇಂಗ್ಲೆಂಡಿನ ಕಾಮಿಡಿ ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಈಗ ದೇಶದಲ್ಲಿ ಕಾಯಂ ಇರಲು ಪಿಆರ್ ಸಿಕ್ಕಿ, ಸಿಡ್ನಿಯ ಪ್ಯಾರಮಟ್ಟಾದಲ್ಲಿ ಐಟಿ ಕೆಲಸ ಸಿಕ್ಕಿ, ವಿಜೇತಾಳೂ ಸಿಕ್ಕಿದ ಮೇಲೆ ಸುಧನ್ವ ಮುದುಕನಿಂದ ಕಲಿತ ಪಾಠವನ್ನೆಲ್ಲ ಹೆಂಡತಿಗೆ ಒಪ್ಪಿಸುತ್ತಿದ್ದ.

"ಅಮೆರಿಕದವ್ರ ಕಾಮಿಡೀಲಿ ಎಲ್ರಿಗೂ ತಾವು ಜೋಕ್ ಹೊಡೀತಿದೀವಿ ಅಂತ ಗೊತ್ತಿರುತ್ತೆ ಕಣೆ. ಇಂಗ್ಲೆಂಡಿನವ್ರದ್ದು ಹಾಗಲ್ಲ. ಒಬ್ಬ ಇರ್ತಾನೆ, ತಾನು ಭಾರಿ ದೊಡ್ಡ ಮನುಷ್ಯ ಅಂದ್ಕೊಂಡಿರ್ತಾನೆ. ಊರಿಗೆಲ್ಲ ಅವನು ತಮಾಷೆ, ಅವನೊಬ್ಬನಿಗೇ ಗೊತ್ತಿರಲ್ಲ. ಕೊನೇಲಿ ಯಾರೂ ಬಂದು ತಬ್ಕೊಳಲ್ಲ. ಮುಂಚೆ ಅವ್ರೂ ಹಿಂದ್ಗಡೆ ನಗು ಹಾಕ್ತಿದ್ರು, ಈಗೀಗ ಅದೂ ಇಲ್ಲ. ಎಲ್ಲಿ ನಗಬೇಕು ಅಂತ ನಾವೇ ಕಂಡ್ಕೋಬೇಕು."

"ಪಾಪ ಅಲ್ವಾ ಅವನು?" ಎಂದಳು ವಿಜೇತಾ.

"ಪಾಪ ಅಂದ್ಯೋ, ಕಾಮಿಡಿ ಮುಗೀತು."

ಆ ಮಾತಿಗೆ ಅವಳಿಗೆ ತಂದೆಯ ನೆನಪಾಯಿತು. ನೆನಪಾದದ್ದನ್ನು ಹೇಳಿಯೂ ಬಿಟ್ಟಳು. ಕಮಲಾಕ್ಷರು ಆಸ್ಪತ್ರೆ ಮಂಚ ಮಾರುವ ಒಂದು ಕಂಪನಿಯ ಗೋದಾಮಿನಲ್ಲಿ ಸೂಪರ್‌ವೈಸರ್. ಅವರನ್ನು ಕೇಳಿದರೆ ಆ ಕಂಪನಿ ನಿಂತಿರುವುದೇ ಅವರ ಭುಜದ ಮೇಲೆ. ಹೊಸದಾಗಿ ಬಂದ ಕನ್ನಡದವರು ಯಾರೇ ಕೈಗೆ ಸಿಕ್ಕಲಿ, ಮೂಲೆಗೆ ನಿಲ್ಲಿಸಿಕೊಂಡು ಯಾವ ಸಬರ್ಬ್‌ನಲ್ಲಿ ಮನೆ ಹಿಡಿಯಬೇಕು, ಬಾಸ್ ಎದುರು ಹೇಗೆ ಕೂರಬೇಕು ಎಂದು ತಟ್ಟೆಯಲ್ಲಿದ್ದ ಊಟ ತಣ್ಣಗಾಗುವವರೆಗೆ ಬೋಧಿಸುತ್ತಿದ್ದರು. ಒಂದು ಕ್ರಿಸ್‌ಮಸ್‌ಗೆ ಕೆಲಸದವರೆಲ್ಲ ಸೇರಿ 'ನಿಜವಾದ ಬಾಸ್ ಇವನೇ' ಎಂದು ಇಂಗ್ಲಿಷಿನಲ್ಲಿ ಬರೆದ ಕಾಫಿ ಮಗ್ ಕೊಟ್ಟಿದ್ದರು. ಅದು ಕೀಟಲೆಯೆಂದು ಹೆಂಡತಿಗೆ ಗೊತ್ತು, ಮಗಳಿಗೆ ಗೊತ್ತು. ಕಮಲಾಕ್ಷರು ಮಾತ್ರ ಅದನ್ನು ಶೋಕೇಸಿನಲ್ಲಿ ಕೃಷ್ಣನ ಮೂರ್ತಿಯ ಪಕ್ಕ ಇಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಸುಧನ್ವ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡ ತನ್ನ ಮಾತಿಗೆ ಅಷ್ಟು ನಕ್ಕಿದ್ದು ಕಂಡು ವಿಜೇತಾಳಿಗೆ ಹುರುಪು ಬಂತು. ಮರುದಿನ ಇನ್ನೆರಡು ಕಥೆ ಹೇಳಿದಳು, ಸ್ವಲ್ಪ ಉಪ್ಪುಖಾರ ಹಚ್ಚಿ.

ಆ ವರ್ಷದ ಗಣೇಶ ಹಬ್ಬಕ್ಕೆ ಸಿಡ್ನಿಯ ಕನ್ನಡ ಸಂಘದವರು ಸುಧನ್ವನಿಂದ ಒಂದು ಹಾಸ್ಯ ನಾಟಕ ಬರೆಸಿದರು. ಅವನು ಬರೆದದ್ದು 'ಅಡ್ವೈಸ್ ಅಂಕಲ್' ಎಂಬ ಒಬ್ಬರ ಕಥೆ. ಊಟಕ್ಕೆ ಕರೆದ ಹೊಸ ದಂಪತಿಗೆ ಅಂಕಲ್ ಊಟ ಹಾಕುವುದಿಲ್ಲ, ಸಲಹೆ ಹಾಕುತ್ತಾರೆ. ಹಸಿವು ತಾಳಲಾರದೆ ಗಂಡಹೆಂಡಿರು ಹಿಂದಿನ ಬಾಗಿಲಿನಿಂದ ಓಡಿಹೋಗುತ್ತಾರೆ. ಅಂಕಲ್ ಅದನ್ನು ಗಮನಿಸದೆ ಖಾಲಿ ಕುರ್ಚಿಗಳಿಗೆ ಬೋಧಿಸುತ್ತಲೇ ಇರುತ್ತಾರೆ, ಪರದೆ ಬೀಳುತ್ತದೆ. ಅಂಕಲ್ ಪಾತ್ರಕ್ಕೆ ಸುಧನ್ವ ಆರಿಸಿದ್ದು ಮಾವನನ್ನೇ.

"ಪಪ್ಪನಿಗೆ ಗೊತ್ತಾದ್ರೆ?" ಎಂದು ವಿಜೇತಾ ಹೆದರಿದಳು.

"ಗೊತ್ತಾಗಲ್ಲ. ಅದೇ ಅಲ್ವಾ ಅದ್ರ ಮಜಾ?"

ನಿಜಕ್ಕೂ ಗೊತ್ತಾಗಲಿಲ್ಲ. ನಾಟಕ ಓದಿ ಮುಗಿಸಿದ ಕಮಲಾಕ್ಷರು ಕನ್ನಡಕ ತೆಗೆದು, ದನಿ ತಗ್ಗಿಸಿ, "ಇದು ನಮ್ಮ ರಾಜಣ್ಣನೇ ಅಲ್ವಾ?" ಎಂದು ಕೇಳಿದರು. ರಾಜಣ್ಣ ಸಂಘದ ಹಳೆಯ ಸದಸ್ಯ, ಅವರೂ ಬಾಯಿ ತೆರೆದರೆ ಮುಚ್ಚುವವರಲ್ಲ. "ಚೆಂದ ಬರೆದಿದ್ದೀರಿ ಸುಧನ್ವ. ಆದ್ರೆ ಪಾಪ, ಅವನಿಗೆ ಬೇಜಾರಾದ್ರೆ? ನಾನು ಸ್ವಲ್ಪ ಮೆತ್ತಗೆ ಮಾಡ್ತೇನೆ, ಅವನ ಹಾಗೆ ಕಾಣದ ಹಾಗೆ." ಸುಧನ್ವ ನಗು ತಡೆಯಲಾರದೆ ಬಚ್ಚಲಿಗೆ ಹೋದ. ವಿಜೇತಾ ನಾಟಕದ ಹಾಳೆಗಳನ್ನು ಜೋಡಿಸಿಟ್ಟಳು. ಆಮೇಲೆ, ಇರಲಿ, ಸ್ಟೇಜು ಹತ್ತುತ್ತಾರಲ್ಲ, ಖುಷಿಪಡಲಿ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವುದು ಬಹಳ ಸುಲಭ.

ಸಿಡ್ನಿಯ ಪ್ರದರ್ಶನ ಗೆದ್ದಿತು ಎಂದರೆ ಸಾಲದು. ಕಮಲಾಕ್ಷರು ರಂಗದ ಪ್ರಾಪರ್ಟಿಗೆ ಇರಲಿ ಎಂದು ಮನೆಯಿಂದ ಆ ಮಗ್ಗನ್ನೇ ತಂದಿದ್ದರು. ಗಂಭೀರವಾಗಿ, ಒಂದಿಷ್ಟೂ ನಗದೆ, ಮನೆಯಲ್ಲಿ ಹೇಗೋ ಹಾಗೆಯೇ ಮಾತಾಡಿದರು. ಸಭೆ ಕುರ್ಚಿಯಿಂದ ಬೀಳುವಂತೆ ನಕ್ಕಿತು. ಇಳಿದು ಬಂದಾಗ ರಾಜಣ್ಣನೇ ಬಂದು ಕೈ ಕುಲುಕಿದರು. "ನೋಡು, ಅವನಿಗೆ ಗೊತ್ತೇ ಆಗಲಿಲ್ಲ" ಎಂದು ಕಮಲಾಕ್ಷರು ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. ಅಷ್ಟು ಸಂತೋಷವಾಗಿದ್ದ ತಂದೆಯನ್ನು ವಿಜೇತಾ ತನ್ನ ಮದುವೆಯ ದಿನವೂ ನೋಡಿರಲಿಲ್ಲ. ಮೆಲ್ಬರ್ನ್ ಕನ್ನಡ ಕೂಟದ ಬದರಿನಾಥ ಅಲ್ಲಿಯೇ ಇದ್ದರು. ರಾಜ್ಯೋತ್ಸವಕ್ಕೆ ಗ್ಲೆನ್ ವೇವರ್ಲಿಗೆ ಬರಲೇಬೇಕು ಎಂದು ಕಮಲಾಕ್ಷರಿಂದ ಮಾತು ತೆಗೆದುಕೊಂಡೇ ಹೋದರು.

ನಾಟಕವನ್ನು ವಿಡಿಯೋ ಮಾಡಿದ್ದು ವಿಜೇತಾಳ ಗೆಳತಿ ಅಮೂಲ್ಯಾ. ಎರಡು ವಾರದ ಮೇಲೆ ಅದರ ಡಿವಿಡಿ ದಿ ಪಾಂಡ್ಸ್ ಮನೆಗೆ ತಲುಪಿತು. ಮುಂದಿನ ಭಾನುವಾರ ವಿಜೇತಾ ಹೋದಾಗ ತಂದೆ ಟಿವಿಯ ಮುಂದೆ ಕೂತಿದ್ದರು. ತಾಯಿ ಅಡುಗೆಮನೆಯಲ್ಲಿ ನೀರುದೋಸೆ ಹುಯ್ಯುತ್ತ, "ಮೂರು ದಿನದಿಂದ ಒಂದೇ ಜಾಗ ತಿರುಗಿಸಿ ತಿರುಗಿಸಿ ಹಾಕ್ತಾರೆ. ಎಂತ ಉಂಟೋ ಅಲ್ಲಿ, ಸರಿಯಾಗಿ ಊಟ ಸಹ ಮಾಡುದಿಲ್ಲ" ಎಂದರು.

ವಿಜೇತಾ ಹೋಗಿ ತಂದೆಯ ಹಿಂದೆ ನಿಂತಳು. ಪರದೆಯ ಮೇಲೆ ಕಮಲಾಕ್ಷರು ಮಗ್ ಎತ್ತಿ ತೋರಿಸುತ್ತಿದ್ದರು, ಸಭೆ ಭೋರ್ಗರೆಯುತ್ತಿತ್ತು. ಆ ಗದ್ದಲದ ನಡುವೆ, ಕ್ಯಾಮೆರಾದ ಪಕ್ಕದಲ್ಲೇ ಕೂತವರ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸಿತು.

"ಅಂಕಲ್ ಎಂಥಾ ಆಕ್ಟಿಂಗ್ ಮಾಡ್ತಾರೆ ಕಣೆ!" ಇದು ಅಮೂಲ್ಯಾಳ ದನಿ.

"ಆಕ್ಟಿಂಗ್ ಎಲ್ಲಿಂದ ಬಂತು? ಮನೇಲಿ ದಿನಾ ಇದೇ. ಎಲ್ಲಾ ನಾನೇ ಸುಧನ್ವನಿಗೆ ಹೇಳಿದ್ದು." ಆಮೇಲೆ ಒಂದು ನಗು, ಜೋರಾಗಿ, ಸಭೆ ನಿಲ್ಲಿಸಿದ ಮೇಲೂ ಮುಂದುವರಿದ ನಗು. ವಿಜೇತಾಳದೇ.

ಕಮಲಾಕ್ಷರು ತಿರುಗಿ ನೋಡಿದರು, ರಿಮೋಟ್ ಒತ್ತಿ ಟಿವಿ ಆರಿಸಿದರು. "ರೆಕಾರ್ಡಿಂಗ್ ಅಷ್ಟು ಸರಿ ಬರಲಿಲ್ಲ" ಎಂದು ಹಿತ್ತಿಲಿಗೆ ಹೋಗಿ ಗಿಡಗಳಿಗೆ ನೀರು ಬಿಡುತ್ತ ನಿಂತರು. ಶೋಕೇಸಿನಲ್ಲಿ ಮಗ್ ಇರಲಿಲ್ಲ. ಹೋಗಿ ಕಾಲು ಹಿಡಿಯಬೇಕು ಎಂದು ವಿಜೇತಾಳಿಗೆ ಅನ್ನಿಸಿತು. ಆದರೆ ಏನೆಂದು ಹೇಳುವುದು? ಕ್ಷಮಿಸಿ ಎಂದರೆ ಎಲ್ಲ ನಿಜವೆಂದು ಒಪ್ಪಿಕೊಂಡಂತೆ. ಸುಮ್ಮನಿದ್ದರೆ ತಂದೆಯಾದರೂ ಏನೂ ಕೇಳಿಸದವರ ಹಾಗೆ ಇರಬಹುದು. ಅವಳು ದೋಸೆ ತಿಂದು ಮನೆಗೆ ಬಂದಳು.

ಮೆಲ್ಬರ್ನ್ ಪ್ರದರ್ಶನ ಬೇಡವೆಂದು ಗಂಡನ ಹತ್ತಿರ ಗೋಗರೆದಳು. "ಫ್ಲೈಟ್ ಬುಕ್ ಆಗಿದೆ, ಹಾಲ್ ಬುಕ್ ಆಗಿದೆ. ಯಾಕೆ ಬೇಡ ಅಂತ ನೀನೇ ಹೋಗಿ ಮಾವಂಗೆ ಹೇಳು" ಎಂದ ಸುಧನ್ವ. ಹೇಳುವ ಧೈರ್ಯ ಅವಳಿಗಿರಲಿಲ್ಲ. ಕೊನೆಗೆ ತಂದೆಗೆ ಫೋನ್ ಮಾಡಿ, "ಪಪ್ಪ, ಚಳಿ ಉಂಟಂತೆ ಅಲ್ಲಿ, ನಿಮಗೆ ಕಷ್ಟ ಆದ್ರೆ ಬೇಡ" ಎಂದು ತುಳುವಿನಲ್ಲಿ ಸುತ್ತಿಬಳಸಿದಳು.

"ಮಾತು ಕೊಟ್ಟಾಗಿದೆಯಲ್ಲ" ಎಂದರು ಕಮಲಾಕ್ಷರು. "ಬರ್ತೇನೆ. ಈ ಸಲ ಬೇರೆ ಥರ ಮಾಡ್ತೇನೆ."

ಗ್ಲೆನ್ ವೇವರ್ಲಿಯ ಒಂದು ಶಾಲೆಯ ಸಭಾಂಗಣ ತುಂಬಿತ್ತು. ಸಿಡ್ನಿಯ ಸುದ್ದಿ ಕೇಳಿದ್ದ ಜನ ಮೊದಲೇ ಹಲ್ಲು ಬಿಟ್ಟುಕೊಂಡು ಕೂತಿದ್ದರು. ಕಮಲಾಕ್ಷರು ರಂಗಕ್ಕೆ ಬಂದವರೇ ಸಭೆಯತ್ತ ಕಣ್ಣು ಮಿಟುಕಿಸಿದರು. ಒಂದು ಸಲಹೆ ಕೊಟ್ಟರು, ನಿಲ್ಲಿಸಿದರು, ಹುಬ್ಬೇರಿಸಿದರು. ಮತ್ತೊಂದು ಹೇಳಿದರು, ಕೈ ಚೆಲ್ಲಿ ನಿಂತು ಕಾದರು. ಅವರೇನು ಮಾಡುತ್ತಿದ್ದಾರೆಂದು ವಿಜೇತಾಳಿಗೆ ತಟ್ಟನೆ ಹೊಳೆಯಿತು. ಸೋಫಾದಲ್ಲಿ ಕೂತು ಇಷ್ಟು ವರ್ಷ ನೋಡಿದ್ದನ್ನು ಮಾಡುತ್ತಿದ್ದರು. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವವನ ಹಾಗೆ, ಇದೆಲ್ಲ ನನಗೂ ಗೊತ್ತು, ಗೊತ್ತಿದ್ದೇ ಆಡುತ್ತಿದ್ದೇನೆ ಎನ್ನುವವನ ಹಾಗೆ. ಪ್ರತಿ ಮಾತಿನ ಕೊನೆಗೂ ನಗುವಿಗೆ ಜಾಗ ಬಿಟ್ಟು ಕಾಯುತ್ತಿದ್ದರು. ನಗು ಬರಲಿಲ್ಲ. ಯಾರೋ ಕೆಮ್ಮಿದರು. ಮುಂದಿನ ಸಾಲಿನವರು ಮೊಬೈಲು ತೆಗೆದರು. ಪಕ್ಕದಲ್ಲಿದ್ದ ಸುಧನ್ವ ಹಣೆ ಚಚ್ಚಿಕೊಂಡು, "ಅಯ್ಯೋ, ಯಾಕ್ ಆಕ್ಟಿಂಗ್ ಮಾಡ್ತಿದಾರೆ ಇವ್ರು!" ಎಂದ.

ವಿಜೇತಾಳಿಗೆ ಆ ಮೌನವನ್ನು ತಡೆಯಲಾಗಲಿಲ್ಲ. ತಂದೆ ಮತ್ತೊಂದು ಮಾತು ಹೇಳಿ ಕಾದಾಗ ಅವಳು ಒಬ್ಬಳೇ ಜೋರಾಗಿ ನಕ್ಕಳು. ಮುಂದಿನದಕ್ಕೂ ನಕ್ಕಳು. ಆ ಜಾಗ ಖಾಲಿ ಬಿಡಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಕಮಲಾಕ್ಷರು ನಗು ಬಂದ ಕಡೆಗೆ ತಿರುಗಿದರು. ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರಿಂದ ಅವರಿಗೆ ಮಗಳ ಮುಖ ಕಂಡಿರಲಾರದು, ನಗು ಕೇಳಿಸಿತು. ಡಿವಿಡಿಯಲ್ಲಿ ಕೇಳಿದ್ದ ಅದೇ ನಗು. ನಾಟಕದಲ್ಲಿದ್ದಂತೆ ದಂಪತಿ ಹಿಂದಿನ ಬಾಗಿಲಿನಿಂದ ಓಡಿದರು. ಕಮಲಾಕ್ಷರು ಖಾಲಿ ಕುರ್ಚಿಗಳಿಗೆ ಮಾತಾಡಬೇಕಿತ್ತು. ಅದರ ಬದಲು ಬಾಗಿಲಿನತ್ತ ತಿರುಗಿ, ನಾಟಕದಲ್ಲಿ ಇಲ್ಲದ ಮಾತೊಂದನ್ನು ಆಡಿದರು.

"ವಾಪಸು ಬನ್ನಿ ಮಕ್ಕಳೇ. ನಾನು ಮಾತಾಡುದು ಜಾಸ್ತಿ, ನನಗೂ ಗೊತ್ತುಂಟು. ಬನ್ನಿ, ಒಟ್ಟಿಗೆ ಊಟ ಮಾಡುವ."

ಎರಡೂ ತೋಳು ಚಾಚಿ ನಿಂತರು. ಪಾತ್ರಧಾರಿಗಳಿಗೆ ಇದು ಗೊತ್ತಿರಲಿಲ್ಲ, ಅವರು ಒಳಗೆ ನೀರು ಕುಡಿಯುತ್ತಿದ್ದರು. ಯಾರೂ ಬರಲಿಲ್ಲ. ಕಮಲಾಕ್ಷರು ತೋಳು ಇಳಿಸಲಿಲ್ಲ. ಆಗ ಸಭೆ ನಕ್ಕಿತು, ಸಿಡ್ನಿಗಿಂತ ಹೆಚ್ಚಾಗಿ, ಶಿಳ್ಳೆ ಹೊಡೆದು, ಕಣ್ಣಲ್ಲಿ ನೀರು ಬರುವಂತೆ. "ಬ್ರಿಲಿಯಂಟ್!" ಎಂದು ಸುಧನ್ವ ಎದ್ದು ನಿಂತು ಚಪ್ಪಾಳೆ ಹೊಡೆದ. ಪರದೆ ಎಳೆಯುವವನಿಗೆ ಸೂಚನೆ ಸಿಗುವವರೆಗೆ ಕಮಲಾಕ್ಷರು ಹಾಗೆಯೇ ನಿಂತಿದ್ದರು. ವಿಜೇತಾ ಮುಖ ಮುಚ್ಚಿಕೊಂಡಳು.

ಆಮೇಲೆ ಅವರು ಅವಳಿಗೆ ಕಂಡದ್ದು ಹಿಂಬದಿಯ ಕಾರ್ ಪಾರ್ಕಿನಲ್ಲಿ, ಗಿಡ್ಡ ಗೋಡೆಯ ಮೇಲೆ ಕೂತು ಕರವಸ್ತ್ರದಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದಾಗ. ವಿಜೇತಾ ಪಕ್ಕದಲ್ಲಿ ಕೂತು ಅಳುತ್ತ ತುಳುವಿನಲ್ಲಿ, "ತಪ್ಪಾಯ್ತು ಪಪ್ಪ. ಅದನ್ನೆಲ್ಲ ನಾನು ಸುಧನ್ವನ ಹತ್ತಿರ ಹೇಳಬಾರದಿತ್ತು" ಎಂದಳು.

"ಜನ ನಕ್ಕದ್ದಕ್ಕೆ ಎಂತ ಇಲ್ಲ ಮಗಾ. ನಗಲಿಕ್ಕೇ ಬಂದದ್ದಲ್ವಾ ಅವರು." ಕಮಲಾಕ್ಷರು ಕರವಸ್ತ್ರ ಮಡಚಿದರು. "ನಾವು ಬಂದ ಹೊಸತರಲ್ಲಿ ನಾನು ಕೆಲಸದಿಂದ ಬಂದು ಗೋದಾಮಿನ ಕಥೆ ಹೇಳ್ತಿದ್ದೆ, ನೆನಪುಂಟಾ? ಬಾಸು ನನ್ನನ್ನೇ ಕೇಳಿದ, ಮ್ಯಾನೇಜರು ನನ್ನನ್ನೇ ಕೇಳಿದ ಅಂತ. ಎಲ್ಲ ಸುಳ್ಳು. ಅಲ್ಲಿ ನನ್ನ ಹತ್ತಿರ ಮಾತಾಡುವವರೇ ಇರಲಿಲ್ಲ. ನಿನ್ನನ್ನು ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸುದಿಲ್ಲ ಅಂತ ನೀನು ದಿನಾ ಅಳ್ತಾ ಬರ್ತಿದ್ದೆ. ನೀನು ನಗಬೇಕು ಅಂತ ಹೇಳಿದ್ದು. ಆಮೇಲೆ ಅದೇ ಅಭ್ಯಾಸ ಆಗಿಹೋಯ್ತು. ನೀನು ನಗ್ತಿದ್ದೆ ಸಹ."

"ಹೌದು ಪಪ್ಪ."

"ಆ ನಗು ಯಾವುದು ಮಗಾ? ಇದೇ ನಗುವಾ?"

"ಅಲ್ಲ ಪಪ್ಪ, ಅಲ್ಲ. ಅದು ನಿಜವಾಗಿ ಖುಷಿಯಲ್ಲಿ ನಕ್ಕದ್ದು" ಎಂದಳು ವಿಜೇತಾ. ಅವಳು ಹೇಳಿದ್ದು ನಿಜ. ಕಮಲಾಕ್ಷರು ಮಗಳ ಬೆನ್ನು ಸವರಿದರು, ಸರಿ ಸರಿ ಎಂದು ತಲೆಯಾಡಿಸಿದರು. ಅವರು ನಂಬಲಿಲ್ಲ.